ಮೇಲಿನ ಮನೆಗೆ ಮೊದಲು ಬರುವ ಗೋಲು

ಅಕ್ಕ ಟೀವಿ ಮುಂದೆ ಕೂತರೆ ನಮ್ಮ ದೇಶ ಸೋಲುತ್ತದೆ. ಅಕ್ಕ, ತಮ್ಮ ಇಬ್ಬರೇ ಇರುವ ಆ ಮನೆಯಲ್ಲಿ ಇದು ಹಗಲಿನಷ್ಟೇ ನಿಜವಾದ ಮಾತು. ಯಾವ ಹಾಳು ಗಳಿಗೆಯಲ್ಲಿ ಶುರುವಾಯಿತೋ ಏನೋ, ಅವಳು ಪಕ್ಕದಲ್ಲಿ ಕೂತು ನೋಡಿದ ಪಂದ್ಯಗಳೆಲ್ಲ ಕೈಬಿಟ್ಟು ಹೋದವು. ಹೊಲಿಯುವ ಕೆಲಸಕ್ಕೆಂದು ಎದ್ದು ಹೋದಾಗಲೆಲ್ಲ ನಮ್ಮವರು ಗೋಲು ಹೊಡೆದರು. ತಮ್ಮ ಬೀಗ ರಿಪೇರಿಯವನು, ಎಂಥ ಮೊಂಡು ಬೀಗವನ್ನೂ ತಾಳ್ಮೆಯಿಂದ ಬಿಡಿಸುವವನು. ಫುಟ್‌ಬಾಲ್ ಅಂದರೆ ಮಾತ್ರ ಅವನ ಬುದ್ಧಿ ಮಂಡಿಗಿಳಿಯುತ್ತದೆ.

"ತಪ್ಪು ತಿಳ್ಕೋಬೇಡ ಅಕ್ಕ. ನಿನ್ನ ಕಾಲ್ಗುಣ ಆಟಕ್ಕೆ ಆಗಿ ಬರಲ್ಲ," ಎಂದುಬಿಟ್ಟ ಒಂದು ದಿನ.

ಅಕ್ಕನಿಗೆ ಚುರುಕ್ಕೆಂದಿತು. ಆದರೂ ನಕ್ಕು ಎದ್ದುಹೋದಳು. ಅಂದಿನಿಂದ ಪಂದ್ಯವಿದ್ದರೆ ಅವಳ ಜಾಗ ಹಿಂದಿನ ಕೋಣೆ, ಹೊಲಿಗೆ ಮಿಷನ್ನಿನ ಮುಂದೆ. ತಮ್ಮನ ಪಕ್ಕ ಕೂರಬೇಕು, ಚೆಂಡು ಗಾಳಿಯಲ್ಲಿರುವಾಗ ಅವನ ಮುಖ ನೋಡಬೇಕು ಎಂಬ ಆಸೆಯೊಂದು ಎದೆಯಲ್ಲೇ ಉಳಿದುಹೋಯಿತು. ಕೇಳಿದರೆ ಅವನು ಬೇಡ ಎನ್ನಲಾರ. ಆಮೇಲೆ ನಮ್ಮವರು ಸೋತರೆ? ಅವಳೂ ಒಳಗೊಳಗೇ ಅದನ್ನು ನಂಬಿಬಿಟ್ಟಿದ್ದಳು, ಪಾಪ.

ಆದರೆ ಆ ಕೋಣೆಯಲ್ಲಿ ತಮ್ಮನಿಗೆ ಗೊತ್ತಿಲ್ಲದ ಒಂದು ಸುಖವಿತ್ತು. ಇವರ ಟೀವಿಗೆ ಆಟ ನೆಟ್ ಮೂಲಕ ಬರುತ್ತದೆ, ತುಸು ತಡ. ಮೇಲಿನ ಮನೆಯವರದು ಹಳೇ ಡಿಶ್, ಅಲ್ಲಿ ಎಲ್ಲವೂ ಮೊದಲು. ಅವರ ಕೂಗು ಕಿಟಕಿಯಿಂದ ಇಳಿದು ನೇರ ಮಿಷನ್ನಿನ ಬಳಿಗೆ ಬರುತ್ತಿತ್ತು, ಟೀವಿಯಿದ್ದ ನಡುಮನೆಗೆ ಮುಟ್ಟುತ್ತಿರಲಿಲ್ಲ. ಮೇಲೆ ಗೋಲಾದರೆ ಅಕ್ಕ ಪೆಡಲ್ ನಿಲ್ಲಿಸಿ ಕಣ್ಣು ಮುಚ್ಚುವಳು. ಮಡಿಲಲ್ಲಿದ್ದ ಬಟ್ಟೆ ಹಸಿರು ಮೈದಾನವಾಗಿ ಹರಡಿಕೊಳ್ಳುವುದು, ಚೆಂಡು ಮೆಲ್ಲಗೆ, ಅವಸರವೇ ಇಲ್ಲದೆ ತೇಲುತ್ತ ಬಲೆ ಸೇರುವುದು. ಅಷ್ಟು ಹೊತ್ತು ಆ ಗೆಲುವು ಅವಳೊಬ್ಬಳದೇ. ಆಮೇಲೆ ತಮ್ಮ ಕೂಗುವನು, "ಅಕ್ಕ, ಗೋಲು." ಅವಳು ಏನೂ ಅರಿಯದವಳ ಹಾಗೆ, "ಹೌದೇನೋ," ಎನ್ನುವಳು.

ಏಷ್ಯಾ ಕಪ್ಪಿನ ಕೊನೆಯ ಪಂದ್ಯದ ಸಂಜೆ ಎರಡೂ ಕಡೆ ಸಮ ಸಮವಾಗಿ ಆಟ ಪೆನಾಲ್ಟಿಗೆ ಬಂತು.

"ಅಕ್ಕ, ನಮ್ಮ ಕೊನೇ ಹುಡುಗ ಒದೀತಾನೆ. ಹಾಕಿದ್ರೆ ಉಳ್ಕೋತೀವಿ, ತಪ್ಪಿದ್ರೆ ಮುಗೀತು," ತಮ್ಮ ನಡುಮನೆಯಿಂದ ಕೂಗಿದ. "ಅಲ್ಲೇ ಇರು."

"ಇಲ್ಲೇ ಇದೀನಿ," ಎಂದಳು ಅಕ್ಕ.

ಅಷ್ಟರಲ್ಲಿ ಮೇಲಿನಿಂದ ಒಂದು ನರಳಿಕೆ ಕೇಳಿತು. ಯಾರೋ ಕುರ್ಚಿ ಎಳೆದರು. ಟೀವಿ ಆರಿತು. ಆಮೇಲೆ ಸದ್ದಿಲ್ಲ.

ಅಕ್ಕ ಪೆಡಲ್ ನಿಲ್ಲಿಸಿದಳು. ಸೋತಾಯಿತು. ನಡುಮನೆಯಲ್ಲಿ ತಮ್ಮ ಇನ್ನೂ ಗೆಲ್ಲುತ್ತ ಕೂತಿದ್ದಾನೆ. ಆಗ ಅವಳಿಗೆ ಹೊಳೆಯಿತು, ಇನ್ನು ತನ್ನ ಕಾಲ್ಗುಣ ಏನೂ ಕೆಡಿಸಲಾರದು. ಅರ್ಧ ಹೊಲಿದ ಅಂಗಿಯ ತೋಳನ್ನು ಸೂಜಿಯಡಿಯಲ್ಲೇ ಬಿಟ್ಟು ಎದ್ದಳು.

ಪರದೆಯ ಮೇಲೆ ಹುಡುಗ ಚೆಂಡಿಡುತ್ತಿದ್ದ. ಅಕ್ಕ ಬಂದು ಸೋಫಾದಲ್ಲಿ ಕೂತಳು. ತಮ್ಮ ತಿರುಗಿ ನೋಡಲಿಲ್ಲ, ಚಿಕ್ಕಂದಿನ ರೂಢಿಯಂತೆ ಸುಮ್ಮನೆ ಸರಿದು ಜಾಗ ಕೊಟ್ಟ. ಅವಳು ಪರದೆ ಬಿಟ್ಟು ಅವನನ್ನೇ ನೋಡಿದಳು. ಬಾಯಿ ಅರೆ ತೆರೆದಿತ್ತು, ಕಣ್ಣಿನ ತುಂಬ ಬೆಳಕು. ತಾನು ಸೊಂಟದ ಮೇಲೆ ಹೊತ್ತು ತಿರುಗಿದ ಮಗುವಿನ ಮುಖ ಅದು, ಇನ್ನೂ ಏನೂ ಗೊತ್ತಾಗದ ಮುಖ. ಹುಡುಗ ಓಡಿ ಬಂದು ಒದ್ದ. ಚೆಂಡು ಹಾರಿತು. ಹೀಗೇ ಹಾರುತ್ತಿರಲಿ, ಇಳಿಯದಿರಲಿ ದೇವರೇ, ಎಂದುಕೊಂಡಳು ಅಕ್ಕ.

ಕಂಬಕ್ಕೆ ಬಡಿದ ಸದ್ದಾಯಿತು. ಆ ಮುಖ ಅವಳ ಕಣ್ಣೆದುರೇ ಬಾಡಿಹೋಯಿತು.

ತಾನು ಬರುವ ಮೊದಲೇ ಸೋತಾಗಿತ್ತೆಂದು ಅಕ್ಕ ಹೇಳಬಹುದಿತ್ತು. ಹೇಳಲಿಲ್ಲ.

"ನಾನು ಬರಬಾರದಿತ್ತು ಕಣೋ," ಎಂದಳು.

ಅವನು ತಲೆಯನ್ನು ಅವಳ ಭುಜಕ್ಕೆ ಆನಿಸಿದ.

"ಸುಮ್ನಿರು. ಇಷ್ಟು ವರ್ಷ ಗೆದ್ದಾಗ್ಲೂ ಇಲ್ಲಿ ಒಬ್ನೇ ಕೂತಿದ್ದೆ," ಎಂದ. "ಮೊದಲೇ ಬರಬಾರದಿತ್ತಾ ಅಕ್ಕ?"