ಬಿಚ್ಚಪ್ಪ

ಮೈದುನ ಪೆನ್ನು ಒತ್ತಿ ‘ಇಲ್ಲ’ ಎಂಬ ಚೌಕದಲ್ಲಿ ಗೀಟು ಎಳೆದಾಗ ಟೀಚರಮ್ಮ ಅವನ ಹೆಗಲ ಪಕ್ಕದಲ್ಲೇ ನಿಂತಿದ್ದರು. ಪ್ರಶ್ನೆ ದೊಡ್ಡ ಅಕ್ಷರದಲ್ಲಿತ್ತು, ಕನ್ನಡಕವಿಲ್ಲದೆಯೂ ಓದಲು ಬಂತು. ಮೃತರ ದೇಹದಲ್ಲಿ ಪೇಸ್‌ಮೇಕರ್ ಅಥವಾ ಬ್ಯಾಟರಿ ಇರುವ ಬೇರಾವುದೇ ಸಾಧನ ಇದೆಯೇ?

ಇತ್ತು. ಎಡಗಡೆ, ಕೊರಳೆಲುಬಿನ ಕೆಳಗೆ, ಚರ್ಮದ ಅಡಿಯಲ್ಲಿ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ನಾಲ್ಕು ವರ್ಷದಿಂದ ಗಂಡ ಅಂಗಿ ಕಳಚಿದಾಗಲೆಲ್ಲ ಆ ಉಬ್ಬು ಕಾಣುತ್ತಿತ್ತು. ಮೈದುನನಿಗೂ ಅದು ಗೊತ್ತಿರದ ವಿಷಯವಲ್ಲ. ಅದನ್ನು ಹಾಕಿಸಿದ ದಿನ ಅಣ್ಣನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವನೇ ಅವನು.

ಚಿತಾಗಾರದ ಗುಮಾಸ್ತ ಫಾರಂ ತೆಗೆದುಕೊಂಡು ಸಹಿ ನೋಡಿ ಠಸ್ಸೆ ಒತ್ತಿದ. “ನಿಮ್ಮ ಮುಂದೆ ಇಬ್ಬರಿದಾರೆ. ಹನ್ನೊಂದೂವರೆ ಹೊತ್ತಿಗೆ ಸರದಿ ಬರುತ್ತೆ. ಅಲ್ಲೀವರೆಗೆ ಆ ಹಾಲಲ್ಲಿ ಕೂತಿರಿ.”

ಹೊರಗೆ ಬರುವಾಗ ಮೈದುನ ದನಿ ತಗ್ಗಿಸಿದ. “ಇದೆ ಅಂತ ಬರೆದ್ರೆ ಡಾಕ್ಟರನ್ನ ಕರೆಸ್ತಾರೆ, ಅತ್ತಿಗೆ. ಕೊಯ್ದು ತೆಗೀತಾರೆ. ಆಮೇಲೆ ಮತ್ತೆ ಸಾಲಿನ ಕೊನೇಲಿ ನಿಲ್ಲಬೇಕು. ಅಣ್ಣನ ಮೈಗೆ ಇನ್ನು ಕತ್ತರಿ ತಾಗೋದು ಬೇಡ. ಅಲ್ವಾ?”

“ಬೇಡ,” ಎಂದರು ಟೀಚರಮ್ಮ.

ಬಾಯುಪಚಾರಕ್ಕೆ ಹೇಳಿದ್ದಲ್ಲ. ಹನ್ನೆರಡು ವರ್ಷದಿಂದ ಅವರ ಮನೆಯಲ್ಲಿ ಇಡಿಯಾಗಿ ಉಳಿದ ಸಾಮಾನು ಒಂದೂ ಇರಲಿಲ್ಲ. ಮಿಕ್ಸಿ, ಟಾರ್ಚು, ಇಸ್ತ್ರಿ ಪೆಟ್ಟಿಗೆ, ಗೋಡೆ ಗಡಿಯಾರ, ಎಲ್ಲವೂ ಒಂದಲ್ಲ ಒಂದು ಭಾನುವಾರ ಊಟದ ಮೇಜಿನ ಮೇಲೆ ಅಂಗಾತ ಮಲಗಿದ್ದವೇ. ಗಂಡ ಒಂದೊಂದು ಭಾಗವನ್ನೂ ಬಿಡಿಸಿ, ತಾಮ್ರವನ್ನು ಒಂದು ಡಬ್ಬಿಯ ಮುಚ್ಚಳದಲ್ಲಿ, ಅಲ್ಯೂಮಿನಿಯಂ ಅನ್ನು ಇನ್ನೊಂದರಲ್ಲಿ, ಉಕ್ಕನ್ನು ಮತ್ತೊಂದರಲ್ಲಿ ಇಟ್ಟು, ಎಷ್ಟು ನಿಮಿಷ ಹಿಡಿಯಿತೆಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಸಂಜೆಯೊಳಗೆ ಎಲ್ಲವನ್ನೂ ಮರಳಿ ಜೋಡಿಸುತ್ತಿದ್ದರು, ಅದೂ ನಿಜ. ಆದರೆ ಆಮೇಲೆ ಮಿಕ್ಸಿ ಹಲ್ಲುನೋವು ಬಂದವರ ಹಾಗೆ ನರಳುತ್ತಿತ್ತು. ಗಡಿಯಾರ ದಿನಕ್ಕೆ ಏಳು ನಿಮಿಷ ಮುಂದೆ ಓಡುತ್ತಿತ್ತು.

ಇವರಾದರೂ ಇಡಿಯಾಗಿ ಹೋಗಲಿ ಎಂದು ಟೀಚರಮ್ಮನಿಗೆ ಅನ್ನಿಸಿತ್ತು. ನಿನ್ನೆ ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ತಲೆ ವಾಲಿಸಿದ್ದನ್ನು ಕಂಡ ಗಳಿಗೆಯಿಂದ ಆಕೆಯ ತಲೆಯಲ್ಲಿ ಸ್ಪಷ್ಟವಾಗಿ ಮೂಡಿದ್ದ ಆಸೆ ಅದೊಂದೇ.

*

ಅಮ್ಮನ ಹೊಲಿಗೆ ಯಂತ್ರಕ್ಕೆ ಕೈ ಹಾಕಿದ ದಿನ ಮಾತ್ರ ಟೀಚರಮ್ಮ ಸುಮ್ಮನಿರಲಿಲ್ಲ. ಶಾಲೆಯಿಂದ ಬಂದು ಚೀಲ ಇಡುವ ಮೊದಲೇ ಕಂಡಿತು. ಚಕ್ರ ಒಂದು ಕಡೆ, ಸೂಜಿಯ ಕಂಬ ಒಂದು ಕಡೆ.

“ಅದು ನಮ್ಮಮ್ಮಂದು.”

“ಗೊತ್ತು. ನೋಡು, ಎಷ್ಟು ಚೆನ್ನಾಗಿ ಬಿಚ್ಚಕ್ಕೆ ಬರುತ್ತೆ. ಎಪ್ಪತ್ತು ವರ್ಷದ ಹಿಂದೆ ಮಾಡಿದ್ದು. ಒಂದು ತೊಟ್ಟು ಅಂಟಿಲ್ಲ ಇದರಲ್ಲಿ.”

“ಬಿಚ್ಚಿ ನೋಡದೆ ಇರೋದು ಅಂತ ಈ ಮನೇಲಿ ಉಳಿದಿರೋಳು ನಾನೊಬ್ಬಳು.”

ಗಂಡ ಸ್ಕ್ರೂಡ್ರೈವರ್ ಕೆಳಗಿಟ್ಟು, ನಿಜವಾಗಿ ಯೋಚಿಸುವವರ ಹಾಗೆ ಆಕೆಯನ್ನು ನೋಡಿದರು. “ನಿನ್ನ ವಾಪಸ್ ಜೋಡಿಸೋಕೆ ನನಗೆ ಬರಲ್ಲ.”

ನಗು ಬಂದಿತ್ತು. ತೋರಿಸಿಕೊಳ್ಳದೆ ಒಳಗೆ ಹೋಗಿದ್ದರು. ಆ ಯಂತ್ರವೊಂದು ಮಾತ್ರ, ಜೋಡಿಸಿದ ಮೇಲೂ ಮೊದಲಿನ ಹಾಗೆಯೇ ಹೊಲಿಯಿತು.

*

ಹಾಲಿನಲ್ಲಿ ಸಿಮೆಂಟಿನ ಬೆಂಚುಗಳಿದ್ದವು. ಬಂದವರು ಇಪ್ಪತ್ತೋ ಇಪ್ಪತ್ತೈದೋ ಜನ. ಮಕ್ಕಳಿಲ್ಲದ ಸಂಸಾರ. ನೆರೆಹೊರೆಯವರು, ಟೀಚರಮ್ಮನ ಶಾಲೆಯವರು, ಕಾರ್ಖಾನೆಯಿಂದ ನಿವೃತ್ತರಾದ ನಾಲ್ಕಾರು ಮಂದಿ. ಅವರ ನಡುವೆ ಗೋಂದು ಸಾಹೇಬರು ಕೋಲೂರಿಕೊಂಡು ಬಂದು ಆಕೆಯ ಪಕ್ಕದಲ್ಲಿ ಕೂತರು. ಬ್ಯಾಟರಿ ಕಾರ್ಖಾನೆಯಲ್ಲಿ ಅಂಟಿನ ವಿಭಾಗ ನೋಡಿಕೊಂಡಿದ್ದವರು, ಅದಕ್ಕೇ ಆ ಹೆಸರು. ಗಂಡ ಭಾಗಗಳ ನಕ್ಷೆ ಬರೆಯುವ ವಿಭಾಗದಲ್ಲಿದ್ದರು. ಇಬ್ಬರೂ ಮೂವತ್ತು ವರ್ಷ ಒಂದೇ ಕ್ಯಾಂಟೀನ್ ಮೇಜಿನಲ್ಲಿ ಉಂಡು, ಹೆಚ್ಚುಕಮ್ಮಿ ದಿನಾ ಜಗಳವಾಡಿದವರು.

“ಇವರಿಗೆ ಬಿಚ್ಚಪ್ಪ ಅಂತ ಹೆಸರಿಟ್ಟೋನು ನಾನೇ, ಟೀಚರೇ. ಇವತ್ತು ಒಪ್ಕೊಂಡುಬಿಡ್ತೀನಿ.”

“ಗೊತ್ತಿತ್ತು. ಮನೇಲೂ ಹೇಳ್ಕೊಂಡು ನಗೋರು.”

“ಯಾವ ಹೊಸ ನಕ್ಷೆ ಬಂದ್ರೂ ಒಂದೇ ಪ್ರಶ್ನೆ. ಇದನ್ನ ಬಿಚ್ಚೋದು ಹೇಗೆ? ಮ್ಯಾನೇಜರು ಹೇಳೋರು, ನಾವು ಬಿಚ್ಚಲ್ಲ ಮಾರಾಯ್ರೇ, ಮಾರ್ತೀವಿ. ಇವರು ಎತ್ತಿದ ಕೈ ಕೆಳಗೆ ಇಳಿಸ್ತಿರಲಿಲ್ಲ.” ಗೋಂದು ಸಾಹೇಬರು ಕೋಲಿನ ತುದಿಯನ್ನು ನೋಡುತ್ತ ಕೂತರು. “ವಿಚಿತ್ರ ಏನು ಗೊತ್ತಾ? ಅದಕ್ಕೆ ಮೊದಲು ನನಗಿಂತ ದೊಡ್ಡ ಅಂಟು ಇವರೇ. ಹಳೇ ದೊಡ್ಡ ಬ್ಯಾಟರಿ ಪೆಟ್ಟಿಗೆ ಇತ್ತಲ್ಲ, ನೂರಾರು ಸೆಲ್ಲು ಒಂದಕ್ಕೊಂದು ಅಂಟಿಸಿ, ತಾಮ್ರ ಅಲ್ಯೂಮಿನಿಯಂ ಒಟ್ಟಿಗೆ ಬೆಸುಗೆ ಹಾಕಿ, ಬೆಟ್ಟದಿಂದ ಉರುಳಿಸಿದ್ರೂ ಅಲುಗಾಡದ ಹಾಗೆ ಮಾಡಿದ್ದು? ಅದು ಇವರ ಕೈಕೆಲಸ. ಆ ವರ್ಷದ ಬಹುಮಾನ ಬಂತು ಅದಕ್ಕೆ. ಆಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ ಉಲ್ಟಾ ತಿರುಗಿದ್ರು. ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.”

“ನನಗೂ ಹೇಳಿಲ್ಲ,” ಎಂದರು ಟೀಚರಮ್ಮ.

ಅದು ಪೂರ್ತಿ ನಿಜವಲ್ಲ; ತಾನೂ ಸರಿಯಾಗಿ ಕೇಳಿರಲಿಲ್ಲ. ಒಂದು ಗುರುವಾರ ಗಂಡ ಬೆರಳ ಗಿಣ್ಣುಗಳೆಲ್ಲ ತರಚಿಹೋದ ಕೈಯಲ್ಲಿ ಮನೆಗೆ ಬಂದಿದ್ದು ನೆನಪಿತ್ತು. ಎಲ್ಲಿ ಬಿದ್ರಿ ಎಂದು ಕೇಳಿದ್ದಕ್ಕೆ, ಬಿದ್ದಿಲ್ಲ ಎಂದಷ್ಟೇ ಹೇಳಿ ಊಟ ಬಿಟ್ಟು ಮಲಗಿದ್ದರು. ಟೀಚರಮ್ಮನ ಕೈಯಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಇತ್ತು. ಮತ್ತೆ ಕೇಳಲಿಲ್ಲ. ಮಿಕ್ಸಿ ಮೇಜಿನ ಮೇಲೆ ಬಂದದ್ದು ಅದರ ಮರುಭಾನುವಾರ.

ಹತ್ತೂವರೆಗೆ ಒಬ್ಬ ಹೆಂಗಸು ಬಂದಳು. ನಲವತ್ತೈದರ ಆಸುಪಾಸು, ಕಾಲಿಗೆ ಕೆಲಸದ ದಪ್ಪ ಬೂಟು, ಮೈಮೇಲೆ ಮಾಸಿದ ಬೂದು ಕೋಟು. ಯಾರ ಪರಿಚಯವೂ ಇಲ್ಲದವಳ ಹಾಗೆ ಬಾಗಿಲಲ್ಲಿ ನಿಂತು, ಆಮೇಲೆ ಸೀದಾ ಟೀಚರಮ್ಮನ ಹತ್ತಿರ ಬಂದಳು.

“ಸಾರ್ ಅವರ ಮನೆಯವರಾ? ನಾನು ಬ್ಯಾಟರಿ ಒಡೆಯೋ ಶೆಡ್ಡಿಂದ ಬಂದಿದೀನಿ, ಅಮ್ಮ. ಗುರುವಾರ ಗುರುವಾರ ಬರೋರು ನಮ್ಮಲ್ಲಿಗೆ. ಹೋದ ವಾರಾನೂ ಬಂದಿದ್ರು.”

ಗುರುವಾರ ಗ್ರಂಥಾಲಯಕ್ಕೆ ಹೋಗುತ್ತೇನೆ ಎನ್ನುತ್ತಿದ್ದರು ಗಂಡ. ಟೀಚರಮ್ಮ ಸರಿದು ಜಾಗ ಮಾಡಿದರು. ಹೆಂಗಸು ಕೂತು, ಮೊಣಕಾಲ ಮೇಲೆ ಕೈ ಇಟ್ಟುಕೊಂಡಳು. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಟ್ಟು ಹೊಳಪಾಗಿ ನೆರಿಗೆಗಟ್ಟಿತ್ತು.

“ಇದು?” ಎಂದರು ಟೀಚರಮ್ಮ.

“ಇದರಿಂದಲೇ ಸಾರ್ ಪರಿಚಯ ಆಗಿದ್ದು,” ಎಂದಳು ಆಕೆ.

*

ಹನ್ನೆರಡು ವರ್ಷದ ಹಿಂದೆ ಕಾರ್ಖಾನೆಯವರು ಐದಾರು ಜನರನ್ನು ಶೆಡ್ಡು ನೋಡಿಕೊಂಡು ಬರಲು ಕಳಿಸಿದ್ದರು. ಹಳೆಯ ಬ್ಯಾಟರಿಗಳು ಎಲ್ಲಿಗೆ ಹೋಗುತ್ತವೆ ಎಂದು ಯಾರೋ ಮೇಲಿನವರು ಕೇಳಿದ್ದಕ್ಕೆ ವರದಿ ಬೇಕಿತ್ತು. ಬಂದವರು ಮೂಗಿಗೆ ಕರವಸ್ತ್ರ ಹಿಡಿದು ಒಂದು ಸುತ್ತು ಹಾಕಿ ವ್ಯಾನು ಹತ್ತಿದರು. ಒಬ್ಬರು ಮಾತ್ರ ಉಳಿದರು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ಎಡಗೈಯಲ್ಲಿ ಉಳಿ ಹಿಡಿದು ಕೆಲಸ ಮಾಡುತ್ತಿದ್ದ ಹೆಂಗಸಿನ ಮುಂದೆ ನಿಂತರು.

“ಕೈಗೆ ಏನಾಯ್ತು?”

“ಇದೇ ಪೆಟ್ಟಿಗೆ. ಅಂಟು ಬಿಡಲ್ಲ, ಉಳಿ ಹಾಕಿ ಮೀಟಬೇಕು. ಉಳಿ ಜಾರಿ ಸೆಲ್ಲಿಗೆ ತೂತು ಬಿತ್ತು. ಬೆಂಕಿ ಬಂತು.”

ಅವರು ಬಗ್ಗಿ ಪೆಟ್ಟಿಗೆಯ ಬದಿಯಲ್ಲಿದ್ದ ಗುರುತನ್ನು ಓದಿದರು. “ಇದನ್ನ ಮಾಡಿದ್ದು ನಾನು.”

ಹೆಂಗಸಿಗೆ ಆಗ ಮೂವತ್ತಮೂರು ವರ್ಷ. ನೋವೂ ಇತ್ತು, ಸಿಟ್ಟೂ ಇತ್ತು. “ಮಾಡಿದೋರು ನೀವಾದ್ರೆ ಬಿಚ್ಚೋದೂ ನೀವೇ ಬಿಚ್ಚಿ,” ಎಂದು ಉಳಿ ಸುತ್ತಿಗೆ ಅವರ ಕೈಗೆ ಕೊಟ್ಟಳು. ದೊಡ್ಡ ಮನುಷ್ಯರು ಹೇಗೂ ಹೊರಟುಹೋಗುತ್ತಾರೆ ಎಂದುಕೊಂಡಿದ್ದಳು.

ಅವರು ಕೋಟು ತೆಗೆದು ನೆಲದ ಮೇಲಿಟ್ಟು, ಕೂತರು. ಮುಕ್ಕಾಲು ಗಂಟೆ ಕೆತ್ತಿದರು. ಬೆರಳ ಗಿಣ್ಣುಗಳು ತಗಡಿಗೆ ಉಜ್ಜಿ ರಕ್ತ ಬಂತು. ಅಷ್ಟು ಹೊತ್ತಿಗೆ ಎರಡು ಸೆಲ್ಲು ಬಿಟ್ಟುಕೊಂಡಿದ್ದವು. ಇನ್ನೂರಕ್ಕೂ ಹೆಚ್ಚು ಉಳಿದಿದ್ದವು. ಸುತ್ತ ನಿಂತವರು ಮೊದಮೊದಲು ನಕ್ಕರು, ಆಮೇಲೆ ತಮ್ಮ ತಮ್ಮ ಕೆಲಸಕ್ಕೆ ಮರಳಿದರು. ಕೊನೆಗೆ ಹೆಂಗಸೇ ಉಳಿ ಇಸಿದುಕೊಂಡಳು. ಅವರು ಏಳುವಾಗ, ಮುಂದಿನ ಗುರುವಾರ ಬರಬಹುದಾ ಎಂದು ಕೇಳಿದರು.

*

“ಬಂದ್ರಾ?” ಎಂದರು ಟೀಚರಮ್ಮ.

“ಹನ್ನೆರಡು ವರ್ಷ ತಪ್ಪಿಸಿಲ್ಲ ಅಮ್ಮ. ನೋಟ್‌ಬುಕ್ ಹಿಡ್ಕೊಂಡು ನನ್ನ ಪಕ್ಕ ಕೂರೋರು. ಇದು ಎಷ್ಟೊತ್ತು, ಅದು ಎಷ್ಟೊತ್ತು, ಎಲ್ಲಿ ಕೈ ಜಾರುತ್ತೆ, ಎಲ್ಲ ಬರ್ಕೊಳೋರು.”

ಗೋಂದು ಸಾಹೇಬರು ಕೋಲಿನ ಮೇಲೆ ಗದ್ದವಿಟ್ಟು ಕೇಳುತ್ತಿದ್ದರು. “ನಿವೃತ್ತಿಗೆ ಹತ್ತು ತಿಂಗಳಿರುವಾಗ ಒಂದು ಅಂಟುಪಟ್ಟಿ ಮಾಡಿಸಿದ್ರು ನನ್ನ ಕೈಲಿ,” ಎಂದರು. “ಸೆಲ್ಲಿನ ಅಡೀಲಿ ಕೂರೋದು. ತುದಿ ಹಿಡಿದು ಎಳೆದ್ರೆ ಅಂಟು ಬಿಟ್ಟುಕೊಂಡುಬಿಡುತ್ತೆ. ಬೆಸುಗೆ ತೆಗೆದು ಸ್ಕ್ರೂ ಬಿಗಿಯೋ ಕ್ಲಿಪ್ಪು ಹಾಕಿದ್ರು, ಬಿಚ್ಚಿದ್ರೆ ತಾಮ್ರ ಬೇರೆ ಅಲ್ಯೂಮಿನಿಯಂ ಬೇರೆ ಉದುರುತ್ತೆ. ಸ್ಕೂಟರಿನ ಒಂದು ಸಣ್ಣ ಮಾಡೆಲ್ಲಿಗೆ ಕಾರ್ಖಾನೆಯೋರು ಒಪ್ಪಿದ್ರು. ಎರಡು ವರ್ಷ ಮಾರಿ ಅದನ್ನೂ ನಿಲ್ಲಿಸಿದ್ರು.”

“ನೀಲಿ ಪೆಟ್ಟಿಗೆನಾ?” ಹೆಂಗಸು ಮೊದಲ ಸಲ ಅವರ ಕಡೆ ತಿರುಗಿದಳು. “ಅದು ಈಗ ಬರ್ತಾ ಇದೆ ನಮಗೆ. ವಾರಕ್ಕೆ ಮೂರೋ ನಾಲ್ಕೋ. ಉಳಿ ಮುಟ್ಟೋ ಹಾಗೇ ಇಲ್ಲ. ಹನ್ನೊಂದು ನಿಮಿಷ. ಹೋದ ಗುರುವಾರ ಸಾರ್ ಮುಂದೇನೇ ಒಂದು ಬಿಚ್ಚಿದೆ. ಗಡಿಯಾರ ನೋಡಿ ಬರ್ಕೊಂಡ್ರು. ಇನ್ನೂ ಒಂದು ಸ್ಕ್ರೂ ಕಮ್ಮಿ ಮಾಡಬಹುದಿತ್ತು ಅಂದ್ರು.”

ಟೀಚರಮ್ಮ ಎದ್ದು, ನೀರು ಕುಡಿದು ಬರುತ್ತೇನೆಂದು ಹೊರಗೆ ಹೋದರು.

ನೀರಿನ ನಲ್ಲಿ ಕುಲುಮೆಯ ಹಿಂಬಾಗಿಲ ಪಕ್ಕದಲ್ಲಿತ್ತು. ಒಲೆ ನೋಡಿಕೊಳ್ಳುವ ಮುದುಕ ಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. ಲೋಟ ಇದೆಯೇ ಎಂದು ಕೇಳಿದ್ದು ಅವನಿಗೆ ಕೇಳಿಸಲಿಲ್ಲ.

“ಈ ಕಡೆ ಬಂದು ಹೇಳಿ ಅಮ್ಮ. ಆ ಕಿವಿ ಹೋಗಿದೆ.”

ಟೀಚರಮ್ಮ ಇನ್ನೊಂದು ಪಕ್ಕಕ್ಕೆ ಬಂದರು. “ವಯಸ್ಸಿಗಾ?”

“ಅಲ್ಲ. ಎರಡು ವರ್ಷದ ಹಿಂದೆ ಒಬ್ಬರ ಎದೇಲಿ ಮಿಷನ್ ಇತ್ತು. ಮನೆಯೋರು ಹೇಳಿರಲಿಲ್ಲ. ಸುಡ್ತಾ ಇದೆಯಾ ಅಂತ ನೋಡಕ್ಕೆ ಕಿಂಡಿ ತೆಗೆದಿದ್ದೆ. ಢಂ ಅಂತು. ಬಾಗಿಲ ಇಟ್ಟಿಗೆ ಬಿರಿದುಹೋಯ್ತು.” ಅವನು ಲೋಟ ತೊಳೆದು ತುಂಬಿಸಿ ಕೊಟ್ಟ. “ಅವರದೇ ತಪ್ಪು ಅನ್ನಕ್ಕಾಗಲ್ಲ. ದುಃಖದಲ್ಲಿ ಮರೆತಿರ್ತಾರೆ.”

ಟೀಚರಮ್ಮ ಲೋಟ ಹಿಡಿದುಕೊಂಡು ನಿಂತರು. ಗಂಡನಿಗೆ ಆ ಯಂತ್ರ ಕೂರಿಸುವ ಬೆಳಿಗ್ಗೆ ನಡೆದ ಮಾತು ನೆನಪಾಯಿತು. ಹಾಕೋದಿರಲಿ ಡಾಕ್ಟ್ರೇ, ತೆಗೆಯೋದು ಹೇಗೆ ಎಂದು ಕೇಳಿದ್ದರು. ಹಾಕೋಕೆ ಮೊದಲೇ ತೆಗೆಯೋ ಮಾತಾಡುವ ರೋಗಿಯನ್ನು ಇವತ್ತೇ ನೋಡಿದ್ದು ಎಂದು ಡಾಕ್ಟರು ನಕ್ಕಿದ್ದರು. ಗಂಡ ನಕ್ಕಿರಲಿಲ್ಲ. ಉತ್ತರ ಬರುವವರೆಗೆ ಕಾದಿದ್ದರು.

ನೀರು ಕುಡಿದು, ಲೋಟ ಬೋರಲು ಹಾಕಿ, ಆಕೆ ಕೌಂಟರಿಗೆ ನಡೆದರು.

“ನಮ್ಮ ಫಾರಂ ಕೊಡಿ. ಒಂದು ತಪ್ಪಾಗಿದೆ.”

ಗುಮಾಸ್ತ ಹುಡುಕಿ ಕೊಟ್ಟ. ಟೀಚರಮ್ಮ ಗೀಚಲಿಲ್ಲ. ನೋಟ್‌ಬುಕ್ ತಿದ್ದುವಾಗ ಮಾಡುತ್ತಿದ್ದ ಹಾಗೆ ‘ಇಲ್ಲ’ದ ಮೇಲೆ ಒಂದೇ ಅಡ್ಡಗೆರೆ ಎಳೆದು, ‘ಇದೆ’ಯ ಚೌಕ ತುಂಬಿಸಿ, ಪಕ್ಕದಲ್ಲಿ ಸಹಿ ಹಾಕಿದರು.

“ಮೊದಲೇ ಹೇಳಬಾರದಾ ಅಮ್ಮ? ಇನ್ನು ಹತ್ತು ನಿಮಿಷಕ್ಕೆ ನಿಮ್ಮ ಸರದಿ.”

“ಹೇಳಬೇಕಿತ್ತು. ಹೇಳಲಿಲ್ಲ.”

ಮೈದುನನ ಮುಖ ಕಪ್ಪಿಟ್ಟಿತು. ಹಾಲಿನ ಮೂಲೆಗೆ ಆಕೆಯನ್ನು ಕರೆದ. “ಎಲ್ಲರ ಮುಂದೆ ನನ್ನನ್ನ ಸುಳ್ಳುಗಾರ ಮಾಡಿದ್ರಿ, ಅತ್ತಿಗೆ.”

“ನೀನು ಬರೆಯುವಾಗ ನಾನೂ ನೋಡ್ತಾ ನಿಂತಿದ್ದೆ. ನಿನಗಿಂತ ಹೆಚ್ಚು ತಪ್ಪು ನನ್ನದು.”

“ಅಣ್ಣ ಇಡಿಯಾಗಿ ಹೋಗಲಿ ಅಂತ ತಾನೇ—”

“ಇಡಿಯಾಗಿ ಇರೋದು ನನ್ನ ಆಸೆ ಕಣೋ. ಅವರದ್ದಲ್ಲ.” ಟೀಚರಮ್ಮ ಮತ್ತೆ ಹೇಳಿದರು: “ನೀನು ಡಾಕ್ಟರ ಜೊತೆ ಒಳಗೆ ಇರು. ನನಗೆ ನೋಡೋಕಾಗಲ್ಲ.”

ಮೈದುನ ಹೂಂ ಎಂದ.

ಹತ್ತಿರದ ಆಸ್ಪತ್ರೆಯಿಂದ ಡಾಕ್ಟರಮ್ಮ ಬರುವಾಗ ಹನ್ನೆರಡೂಕಾಲು. ಕೆಲಸ ಕಾಲು ಗಂಟೆಯಲ್ಲಿ ಮುಗಿಯಿತು. ಕೊಯ್ದಲ್ಲಿ ಹೊಲಿಗೆ ಹಾಕಿ, ಅಂಗಿಯ ಗುಂಡಿ ಹಾಕಿ, ತೆಗೆದದ್ದನ್ನು ಮುಚ್ಚಳದ ಡಬ್ಬಿಯಲ್ಲಿ ಆಸ್ಪತ್ರೆಗೆ ಕೊಂಡೊಯ್ದರು. ಮೈದುನ ಹೊರಗೆ ಬಂದು, “ಬೇಗ ಆಯ್ತು, ಅತ್ತಿಗೆ. ಚೆನ್ನಾಗಿ ಮಾಡಿದ್ರು,” ಎಂದ. ಅವನ ಕಣ್ಣು ಕೆಂಪಾಗಿತ್ತು.

ಸರದಿ ಮತ್ತೆ ಬಂದದ್ದು ಮೂರಕ್ಕೆ. ಅಷ್ಟರಲ್ಲಿ ನೆರೆಹೊರೆಯವರು ಒಬ್ಬೊಬ್ಬರಾಗಿ ಹೇಳಿ ಹೋದರು. ಶೆಡ್ಡಿನ ಹೆಂಗಸಿಗೆ ಎರಡರ ಪಾಳಿಯಿತ್ತು. ಹೋಗುವಾಗ ಟೀಚರಮ್ಮನ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದುಕೊಂಡು ಬಿಟ್ಟಳು. ಗೋಂದು ಸಾಹೇಬರು ಮಾತ್ರ ಬೆಂಚಿನಲ್ಲೇ ತೂಕಡಿಸುತ್ತ ಉಳಿದರು. ಮೂರಕ್ಕೆ ಅವರನ್ನು ಎಬ್ಬಿಸಬೇಕಾಯಿತು. ಹಲಗೆ ಜಾರಿ ಒಳಗೆ ಹೋಯಿತು, ಬಾಗಿಲು ಇಳಿಯಿತು. ಯಾವ ಸದ್ದೂ ಬರಲಿಲ್ಲ.

ಆರು ಗಂಟೆಗೆ ಮುದುಕ ಬೂದಿ ಆರಿದೆ ಎಂದು ಹೇಳಿಕಳಿಸಿದ. ಮೈದುನ ಹೊರಗೆ ಕಾಗದಪತ್ರದ ಕೆಲಸದಲ್ಲಿದ್ದ. ಟೀಚರಮ್ಮ ಒಬ್ಬರೇ ಹಿಂಬಾಗಿಲಿಗೆ ಹೋಗಿ, ನೋಡಬಹುದೇ ಎಂದು ಕೇಳಿದರು. ಮುದುಕ ಯೋಚಿಸಿ, ಹೊಸಿಲ ಈಚೆ ನಿಲ್ಲುವುದಾದರೆ ಸರಿ ಎಂದ.

ಅಗಲವಾದ ತಗಡಿನ ತಟ್ಟೆಯಲ್ಲಿ ಬೂದಿ ಹರಡಿತ್ತು. ಅವನು ಗೋಡೆಯ ಮೊಳೆಯಿಂದ ಹಿಡಿಕೆಯಿರುವ ದೊಡ್ಡ ಅಯಸ್ಕಾಂತವೊಂದನ್ನು ತೆಗೆದು, ಬೂದಿಯ ಮೇಲೆ ಬೆರಳಗಲ ಎತ್ತರದಲ್ಲಿ, ಅವಸರವಿಲ್ಲದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಒಯ್ದ. ಹಲಗೆಯ ಮೊಳೆಗಳು ಪಟಪಟನೆ ಮೇಲೆದ್ದು ಅಂಟಿಕೊಂಡವು. ಷರಾಯಿಯ ಕೊಕ್ಕೆಯೊಂದು. ಎಲ್ಲವನ್ನೂ ಹೆಬ್ಬೆರಳಿನಿಂದ ಕೆರೆದು ಒಂದು ಡಬ್ಬಕ್ಕೆ ಹಾಕಿದ. ಅಯಸ್ಕಾಂತಕ್ಕೆ ಬಾರದೆ ಉಳಿದ, ಕರಗಿ ಚಪ್ಪಟೆಯಾದ ಹಿತ್ತಾಳೆ ಗುಂಡಿಯನ್ನು ಚಿಮಟದಲ್ಲಿ ಹೆಕ್ಕಿ ಇನ್ನೊಂದು ಡಬ್ಬಕ್ಕೆ ಹಾಕಿದ. ಮತ್ತೊಮ್ಮೆ ಒಯ್ದ. ಈ ಸಲ ಬೂದಿ ಕದಲಲಿಲ್ಲ. ಅಯಸ್ಕಾಂತವನ್ನು ತಿರುಗಿಸಿ ದೀಪಕ್ಕೆ ಹಿಡಿದು, ಆಕೆಗೂ ಕಾಣುವ ಹಾಗೆ ಬಾಗಿಸಿದ. ಅದರ ಮುಖ ಬರಿದಾಗಿತ್ತು.