ಹತ್ತನೆಯ ತೋಟಾ

ಕಿಕೊನ ಬಾಯಿ ಕೆಂಪಗಿದೆ, ಅಡಿಕೆ ಅಗಿದ ಕೆಂಪು, ಅದು ತೆರೆಯುತ್ತದೆ ಮುಚ್ಚುತ್ತದೆ, ಮಾತು ಮಾತ್ರ ಪಕ್ಕದ ಮನೆಯಿಂದ ಬಂದ ಹಾಗೆ ಬರುತ್ತದೆ—ಬೊಂಗ್‌ಜಾಳ ಎರಡು ಕಿವಿಗೂ ಅಂಗೈ ದಪ್ಪದ ಮುಚ್ಚಳ ಬಿಗಿದವನು ಅವನೇ, ಈ ಶೂಟಿಂಗ್ ರೇಂಜಿಗೆ ಬಂದವರ ಕೈಗೆ ಬಂದೂಕು ಕೊಟ್ಟು ಹೊಡೆಯಲು ಕಲಿಸುವವನು, ಬಾಗಿಲು ತುಂಬುವಂಥ ಆಳು, ಪ್ರವಾಸಿಗಳಿಂದಲೇ ಕಲಿತ ಕೊರಿಯನ್‌ನಲ್ಲಿ ಅಮ್ಮಾ, ಮುಚ್ಚಳ ಅಲ್ಲಾಡಿಸ್ಬೇಡಿ, ಒಳಗಿರೋತನಕ ತೆಗೀಲೇಬಾರ್ದು, ಕಿವಿ ಹೋಗುತ್ತೆ ಎನ್ನುತ್ತಿದ್ದಾನೆ, ಕಿವಿ ಹೋಗುತ್ತೆ, ಎಷ್ಟು ಸಲೀಸಾಗಿ ಹೇಳಿಬಿಟ್ಟ, ನೋಡಲು ಬಂದ ಮುದುಕಿಗೂ ಮುಚ್ಚಳ, ಬರೀ ಫೋಟೋ ತೆಗೆಯುವವಳಿಗೂ ಮುಚ್ಚಳ, ಗೋಡೆಯ ಮೇಲೆ ನಾಲ್ಕು ಭಾಷೆಯಲ್ಲಿ ಬರೆದು ಬೇರೆ ಅಂಟಿಸಿದ್ದಾರೆ, ಈ ಗುವಾಮಿನಂಥ ಬೆರಳಗಲದ ದ್ವೀಪದಲ್ಲಿ ಅಡಿಕೆ ಅಗಿಯುವ ಒಬ್ಬನಿಗೆ ಗೊತ್ತಿರುವ ಸಂಗತಿ ಹನ್ನೊಂದು ವರ್ಷದ ಹಿಂದೆ ಸೇನೆಯಲ್ಲಿ ಮಗ ಮಿನ್‌ಗುವನ್ನು ಸಾಲಿನಲ್ಲಿ ಮಲಗಿಸಿ ಗುಂಡು ಹೊಡಿ ಎಂದ ಆ ಮೇಲಧಿಕಾರಿಗೆ ಗೊತ್ತಿರಲಿಲ್ಲವೇ, ಗೊತ್ತಿತ್ತು, ಗೊತ್ತಿಲ್ಲದೆ ಏನು, ಅಪ್ಪಣೆ ಕೇಳಿಸಬೇಕು, ಕಿವಿ ತೆರೆದಿರಲಿ ಎಂದನಂತೆ—ಅತ್ತಿಗೆ, ಫೋನು ಅಡ್ಡ ಹಿಡೀರಿ, ಅಣ್ಣ ಪೂರ್ತಿ ಬರ್ಬೇಕು ಎಂದು ಮೈದುನ ಸಂಗ್‌ಹುನ್ ಗಾಜಿನಾಚೆಯಿಂದ ಕೈಸನ್ನೆ ಮಾಡುತ್ತಾನೆ, ಅಣ್ಣನಿಗೆ ಎಪ್ಪತ್ತು ತುಂಬಿದ ಸಂಭ್ರಮಕ್ಕೆ ಈ ಪ್ರವಾಸ, ಟಿಕೆಟ್ ಕಳಿಸಿದವನು ಮಿನ್‌ಗು, ತಾನು ಬರಲಿಲ್ಲ, ವಿಮಾನ ಏರಿಳಿಯುವಾಗ ಕಿವಿಯಲ್ಲಿ ಗೂಟ ಹೊಡೆದ ಹಾಗಾಗುತ್ತೆ ಅಮ್ಮ, ನೀವು ಹೋಗ್ಬನ್ನಿ ಎಂದ. ಬೊಂಗ್‌ಜಾ ಫೋನನ್ನು ಅಡ್ಡ ಹಿಡಿಯುತ್ತಾಳೆ.

ಫೋನಿನಲ್ಲಿ ಗಂಡ ಚಿಕ್ಕದಾಗಿ ಕಾಣುತ್ತಾನೆ, ಹೆಸರು ಹಿಡಿದು ಕರೆದವಳಲ್ಲ ಅವಳು, ಮಿನ್‌ಗು ಹುಟ್ಟಿದಾಗಿನಿಂದ ಮಿನ್‌ಗು ಅಪ್ಪ, ಅದಕ್ಕೂ ಮೊದಲು ಬರೀ ರೀ—ಹೋಟೆಲಿನ ತಿಂಡಿಪಟ್ಟಿಯಂತೆ ಬಂದೂಕುಗಳ ಚಿತ್ರವಿದ್ದ ಹಾಳೆಯನ್ನು ಕಿಕೊ ಮುಂದಿಟ್ಟಾಗ ಕನ್ನಡಕವನ್ನೂ ಹಾಕಿಕೊಳ್ಳದೆ ಉದ್ದ ಬಂದೂಕಿನ ಮೇಲೆ ಬೆರಳಿಟ್ಟ, ಇದು, ಇದೇ, ನನ್ನ ಕಾಲದ್ದು, ಮೂರು ವರ್ಷ ತಬ್ಕೊಂಡು ಮಲಗಿದೀನಿ ಎಂದ, ಹೆಂಡತಿಯನ್ನು ಹಾಗೆ ತಬ್ಬಿಕೊಂಡು ಮಲಗಿದ್ದು ನೆನಪಿಲ್ಲ, ಇರಲಿ—ಅಮ್ಮನಿಗೂ ಒಂದು ಹಾಕ್ಲಾ ಎಂದು ಕಿಕೊ ಕೇಳಿದರೆ ಗಂಡ, ಸಂಗ್‌ಹುನ್ ಇಬ್ಬರೂ ನಕ್ಕರು, ಇವಳು ಸ್ಕ್ವಿಡ್ ಮೀನಿನ ಹೊಟ್ಟೆ ಸೀಳೋ ಚಾಕು ಬಿಟ್ಟು ಬೇರೆ ಹತಾರ ಮುಟ್ಟಿದೋಳಲ್ಲ, ನೀನು ಫೋಟೋ ತೆಗಿ ಸಾಕು ಎಂದ ಗಂಡ. ಆ ನಗು ಅವಳಿಗೆ ಹೊಸದಲ್ಲ, ಚುಸೊಕ್ ಹಬ್ಬ ಬಂತೆಂದರೆ ಪೂರ್ವಜರಿಗೆ ಎಡೆಯಿಟ್ಟು ಉಂಡಾದ ಮೇಲೆ ಗಂಡಸರೆಲ್ಲ ಗೋಡೆಗೆ ಒರಗಿ ಸೇನೆಯ ಕಥೆ ಬಿಚ್ಚುತ್ತಾರೆ, ಹೆಂಗಸರು ಪಾತ್ರೆ ತೊಳೆಯುತ್ತ ಕೇಳಬೇಕು, ಎಲ್ಲಿ ನಗಬೇಕೆಂದು ಪಾತ್ರೆಗಳಿಗೂ ಬಾಯಿಪಾಠವಾಗಿದೆ, ಮಿನ್‌ಗು ಅಪ್ಪನ ಕಥೆ ಒಂದೇ—ಗುಂಡು ಹೊಡೆದಾದ ಮೇಲೆ ಖಾಲಿ ತೋಟಾ ಲೆಕ್ಕ ಒಪ್ಪಿಸಬೇಕು, ಹತ್ತು ಕೊಟ್ಟರೆ ಹತ್ತೂ ವಾಪಸ್ಸು, ಒಂದು ಸಲ ಒಂದು ಸಿಗಲಿಲ್ಲ, ಹಿತ್ತಾಳೆಯ ಒಂದು ಚೂರು, ಕಿರುಬೆರಳಿಗಿಂತ ತೆಳ್ಳಗೆ, ಅದಕ್ಕಾಗಿ ನೂರಿಪ್ಪತ್ತು ಜನ ಹಿಮದಲ್ಲಿ ಮಂಡಿಯೂರಿ ಮೂರು ದಿನ ಬೆಟ್ಟ ಬಾಚಿದರು, ಬಾಚಣಿಗೇಲಿ ಹೇನು ಹುಡುಕಿದ ಹಾಗೆ, ಮೂರನೇ ದಿನ ನನ್ನದೇ ಬೂಟಿನ ಮಡಿಕೇಲಿ ಸಿಕ್ತು ಕಣ್ರೋ, ಹೊ ಹೊ ಹೊ, ಆಮೇಲೆ ಬಿದ್ದ ಒದೆ ಇದೆಯಲ್ಲ. ಎಲ್ಲರೂ ನಗುತ್ತಾರೆ, ಮಿನ್‌ಗು ಮಾತ್ರ ಈಚೀಚೆಗೆ ನಗುವುದಿಲ್ಲ, ಅವನು ಕೂತ ಕಡೆಯಿಂದ ಅರ್ಧ ಕೇಳಿಸುವುದಿಲ್ಲ.

ಅರ್ಧ ಅಲ್ಲ, ಒಂದು, ಎಡಗಿವಿ ಪೂರ್ತಿ ಹೋಗಿದೆ. ಗುರ್ಯೊಂಗ್‌ಪೊ ಬಂದರಿನಲ್ಲಿ ಹುಟ್ಟಿದ ಹುಡುಗ, ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಮಲಗಿಯೇ ಇದು ತಾತನ ದೋಣಿ, ಇದು ಕಿಮ್ ಮಾಮನ ದೋಣಿ, ಎರಡನೇ ಸಿಲಿಂಡರು ಕೆಮ್ತಾ ಇದೆ ಅನ್ನುತ್ತಿದ್ದವನು, ಅದೇ ಕಸುಬಾಯಿತು, ದೋಣಿ ಎಂಜಿನಿಗೆ ಕಿವಿಯಿಟ್ಟು ರೋಗ ಹೇಳುವುದು, ದೊಡ್ಡ ಮೇಸ್ತ್ರಿಗಳೂ ಅವನನ್ನು ಕರೆಸುತ್ತಿದ್ದರು, ಸೇನೆಗೆ ಹೋಗಿ ರಜೆಗೆ ಬಂದ ಮೊದಲ ದಿನ ಅಮ್ಮ, ಎಡಗಡೆ ಕೆಟಲ್ಲು ಕುದಿಯೋ ಹಾಗೆ ಶಿಳ್ಳೆ ಹೊಡೀತಾ ಇದೆ ಎಂದ, ಅಪ್ಪ ಹೇಳಿದ್ದೇನು, ಯಾರ ಕಿವಿ ಹೊಡ್ಕೊಳಲ್ವೋ, ನಂದು ಒಂದು ತಿಂಗಳು ಹೊಡ್ಕೊಂತು, ಎರಡು ಲೋಟ ಹಾಕ್ಕೊಂಡು ಮಲಗು, ಗಂಡಸಾಗ್ತೀಯ. ಅವಳು ಹೇಳಿದ್ದೇನು—ಬೊಂಗ್‌ಜಾ, ನೀನು ಹೇಳಿದ್ದೇನು, ಅದನ್ನೂ ಹೇಳಿಬಿಡು—ಅಪ್ಪನ ಮಾತು ಕೇಳು ಮಗ, ತಡ್ಕೊ, ಹೋಗುತ್ತೆ. ಮರುದಿನ ಮಧ್ಯಾಹ್ನ ಬಂದರುಕಟ್ಟೆಯ ತುದಿಯಲ್ಲಿ ಅವನು ನಿಂತಿದ್ದ, ಇವಳು ಮೀನಿನ ಕೊಟ್ಟಿಗೆಯಿಂದ ಕೈ ಒರೆಸಿಕೊಳ್ಳುತ್ತ ಕೂಗಿದಳು, ಮಿನ್‌ಗುಯಾ, ಊಟ, ಮೀನು ಹರಾಜು ಕೂಗಿ ಕೂಗಿ ಪಳಗಿದ ಗಂಟಲು, ಆಚೆ ದಡದ ನಾಯಿಯೂ ತಿರುಗುತ್ತಿತ್ತು, ಅವನೂ ತಿರುಗಿದ, ಆದರೆ ಸಮುದ್ರದ ಕಡೆಗೆ, ಬೆನ್ನು ಇವಳಿಗೆ, ಮುಖ ನೀರಿಗೆ, ನೀರಿನ ಮೇಲೆ ಅಮ್ಮನನ್ನು ಹುಡುಕುತ್ತ. ಮತ್ತೆ ಕೂಗಿದಳು, ಮತ್ತೆ ಸಮುದ್ರದ ಕಡೆಗೇ. ಎಲ್ಲಿ ನೋಡ್ತಿದೀಯೋ ದಡ್ಡ, ನಾನೇನು ನೀರಲ್ಲಿದೀನಾ ಎಂದು ಕೈಯಲ್ಲಿದ್ದ ರಬ್ಬರು ಗ್ಲೌಸನ್ನು ಬೀಸಿ ಎಸೆದಳು, ಕೊಟ್ಟಿಗೆಯ ಹೆಂಗಸರೆಲ್ಲ ನಕ್ಕರು, ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಒಂದು ಕಿವಿ ಹೋದರೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಆಮೇಲೆ, ಎಷ್ಟೋ ಆಮೇಲೆ. ಮಿನ್‌ಗು ಈಗ ಐಸ್ ಕಾರ್ಖಾನೆಯಲ್ಲಿ ಐಸು ಹೊರುತ್ತಾನೆ.

ಸೊಂಟಚೀಲದಲ್ಲಿ ಕಾಗದವಿದೆ, ಎರಡು ಮಡಿಕೆ, ಸೇನೆ ಸೇರುವ ಮುಂಚೆ ನಮ್ಮ ಮಗನ ಎರಡೂ ಕಿವಿ ಚೆನ್ನಾಗಿದ್ದವು ಎಂದು ತಂದೆತಾಯಿ ಬರೆದುಕೊಡುವ ಹೇಳಿಕೆ, ಮಿನ್‌ಗು ಸೇವೆಯಲ್ಲಿ ಕಿವಿ ಹೋಯಿತೆಂದು ಅರ್ಜಿ ಹಾಕಿದ್ದಾನೆ, ಹಣಕ್ಕಲ್ಲ ಅಮ್ಮ, ಆಗಿದ್ದು ಆಯ್ತು ಅಂತ ಯಾರಾದ್ರೂ ಬರೆದುಕೊಡ್ಲಿ ಅಂತ ಅಷ್ಟೇ. ಪಕ್ಕದಲ್ಲೇ ಸಹಿಯ ಬದಲು ಒತ್ತುವ ಅವಳ ಹೆಸರಿನ ಮುದ್ರೆಯ ಡಬ್ಬಿ, ಕೆಂಪು ಶಾಯಿಯ ಚಿಕ್ಕ ಬಿಲ್ಲೆ, ಒತ್ತಲು ಒಂದು ಉಸಿರಿನ ಹೊತ್ತು ಸಾಕು, ನಾಲ್ಕು ತಿಂಗಳಿಂದ ಹೊತ್ತು ತಿರುಗುತ್ತಿದ್ದಾಳೆ, ಒತ್ತಿಲ್ಲ, ಯಾಕೆಂದರೆ ಗಂಡ ಒತ್ತುವುದಿಲ್ಲ, ನನ್ನ ಮಗ ಕಿವುಡ ಅಂತ ನಾನೇ ಸಾರ್ಕೊಂಡು ಬರ್ಲಾ, ನಾನು ಅವನ ಹತ್ತರಷ್ಟು ಹೊಡೆದಿದೀನಿ, ನನಗೆ ಕೇಳಿಸಲ್ವಾ, ಅವಳು ಎದುರಾಡಿದರೆ ಕೊನೆಯ ಮಾತು ಒಂದಿದೆ, ಅದು ಬಂದರೆ ಮಾತು ಮುಗಿಯಿತೆಂದೇ ಲೆಕ್ಕ—ಬಂದೂಕು ಹಿಡಿದೋಳಾ ನೀನು? ಹಿಡಿದವಳಲ್ಲ, ನಿಜ, ಹೀಗೆ ಹನ್ನೊಂದು ವರ್ಷ ಅವಳ ಬಾಯಿ ಮುಚ್ಚಿದೆ.

ಢಂ—ಎದೆಯ ಮೂಳೆಗೆ ಬಡಿಯಿತು, ಮುಚ್ಚಳವಿದ್ದರೂ, ಮಿನ್‌ಗು ಅಪ್ಪ ಹೊಡೆಯುತ್ತಿದ್ದಾನೆ, ಬಂದೂಕನ್ನು ಕಟ್ಟೆಗೆ ಸರಪಳಿ ಹಾಕಿ ಬಿಗಿದಿದ್ದಾರೆ, ಕಟ್ಟಿದ ನಾಯಿಯಂತೆ ಅದು ಹಿಂದಕ್ಕೆ ಎಗರುತ್ತದೆ, ಖಾಲಿ ತೋಟಾ ಬಲಕ್ಕೆ ಹಾರಿ ನೆಲದ ಮೇಲೆ ಕುಣಿಯುತ್ತದೆ, ಢಂ, ಢಂ, ಆ ಸುಕ್ಕುಗಟ್ಟಿದ ಕತ್ತು ಎಷ್ಟು ನೆಟ್ಟಗಾಗಿದೆ, ಮುದುಕನಿಗೆ ಇಪ್ಪತ್ತು ವಯಸ್ಸು ಬಂದುಬಿಟ್ಟಿದೆ, ಫೋಟೋ, ಫೋಟೋ, ಹತ್ತನೆಯ ಢಂ ಆಗುವಾಗ ಅವನ ಬಲಗಡೆ ನಿಂತಿದ್ದ ಅವಳ ಮೊಣಕೈಯಲ್ಲಿ ನೇತುಬಿದ್ದ ಬಿಸಿಲುಟೋಪಿಯೊಳಗೆ ಏನೋ ಟಪ್ಪೆಂದು ಬಿತ್ತು. ಗುಂಡು ಮುಗಿಯಿತು. ಕಿಕೊ ಹೆಬ್ಬೆರಳೆತ್ತಿ ಯಜಮಾನ್ರೇ ಭೇಷ್ ಎಂದ. ಮಿನ್‌ಗು ಅಪ್ಪ ಕೇಳಿಸಿಕೊಳ್ಳಲಿಲ್ಲ, ಬಗ್ಗಿದ, ಬಗ್ಗಿ ಎಣಿಸತೊಡಗಿದ, ತುಟಿ ಅಲ್ಲಾಡುತ್ತಿದೆ, ಏಳು, ಎಂಟು, ಒಂಬತ್ತು, ಮತ್ತೆ ಮೊದಲಿನಿಂದ, ಒಂಬತ್ತು, ಮಂಡಿಯೂರಿ ಕಟ್ಟೆಯ ಕೆಳಗೆ ಕೈ ಹಾಕಿದ, ಯಜಮಾನ್ರೇ ಬೇಡ, ಸಾಯಂಕಾಲ ನಾವೇ ಗುಡಿಸ್ತೀವಿ, ಏಳಿ, ಕಿಕೊ ತೋಳು ಹಿಡಿದರೆ ಕೊಡವಿದ, ಒಂದು ಕಡಿಮೆ ಇದೆ, ಒಂದು ಕಡಿಮೆ ಇದೆ ಕಣಯ್ಯಾ, ಹಣೆಯಲ್ಲಿ ಬೆವರು, ತುಟಿ ಬೆಳ್ಳಗೆ, ಎಪ್ಪತ್ತು ವರ್ಷದ ಹಿರಿಯ ಹೂವಿನ ಅಂಗಿ ಹಾಕಿಕೊಂಡು ಪರದೇಶದ ನೆಲದಲ್ಲಿ ನಾಲ್ಕು ಕಾಲಲ್ಲಿ ತಡಕುತ್ತಿದ್ದಾನೆ, ಇದಲ್ಲವೇ ಪ್ರತಿ ಹಬ್ಬಕ್ಕೂ ನಗಿಸಿದ ಕಥೆ, ಇದರಲ್ಲಿ ನಗುವಂಥದ್ದು ಒಂದು ಚೂರೂ ಇಲ್ಲವಲ್ಲ, ಅಯ್ಯೋ, ಈ ಮನುಷ್ಯ ಇಷ್ಟು ವರ್ಷ ಹೆದರಿಕೊಂಡೇ ನಕ್ಕನೇ. ಅವಳು ಟೋಪಿಯೊಳಗೆ ಕೈ ಹಾಕಿದಳು, ಇನ್ನೂ ಬಿಸಿ, ಆಗ ತಾನೇ ಒಲೆಯಿಂದ ತೆಗೆದ ಚೆಸ್ಟ್‌ನಟ್‌ನಷ್ಟು ಬಿಸಿ.

ತಗೊಳ್ಳಿ ನಿಮ್ಮ ಹತ್ತನೇದು ಎಂದು ಅವನ ಅಂಗೈಗೆ ಹಾಕಿದಳು. ಅವನು ಅದನ್ನು ಉಳಿದವುಗಳ ಜೊತೆ ಸಾಲಾಗಿ ನಿಲ್ಲಿಸಿದ, ಹತ್ತು ಎಂದ, ಉಸಿರು ಬಿಟ್ಟ, ಮುಖದಲ್ಲಿ ನೆಮ್ಮದಿ ಬಂತು, ಅಷ್ಟೂ ನೆಮ್ಮದಿ ಈ ಒಂದು ಚೂರಿಗೆ—ಅದನ್ನು ಕಂಡದ್ದೇ ಅವಳ ಕರುಣೆ ಎಲ್ಲಿ ಹೋಯಿತೋ, ಮೈಯೆಲ್ಲ ಉರಿದುಹೋಯಿತು, ಒಂದು ತೋಟಾ ಕಳೆದ್ರೆ ನೂರಿಪ್ಪತ್ತು ಜನ ಬೆಟ್ಟ ಬಾಚಿದ್ರಿ, ನನ್ನ ಮಗನ ಕಿವಿ ಕಳೀತಲ್ಲ, ಯಾರು ಬಗ್ಗಿದ್ರಿ, ಒಬ್ಬರಾದ್ರೂ ಮಂಡಿ ಊರಿದ್ರಾ ಎಂದು ಹರಾಜಿನ ಗಂಟಲಿನಲ್ಲಿ ಕೂಗಿದಳು, ಎಲ್ಲರ ಕಿವಿಗೂ ಮುಚ್ಚಳ, ಆದರೂ ಕೇಳಿಸಿತು, ಗಾಜಿನಾಚೆ ಸಂಗ್‌ಹುನ್ ಎದ್ದು ನಿಂತ. ಬಾಯಿ ಮುಚ್ಚು, ಹೊರಗಿನವರ ಮುಂದೆ, ಬಂದೂಕು ಹಿಡಿದೋಳಾ ನೀನು ಎಂದ ಗಂಡ, ಬಂತು, ಬಂದೇಬಂತು ಆ ಮಾತು, ಇವತ್ತು ಎಷ್ಟು ಒಳ್ಳೆಯ ಜಾಗದಲ್ಲಿ ಬಂತು. ಇಲ್ಲ, ಹಿಡಿದಿಲ್ಲ, ಸರಿ ರೀ, ಈಗ ಹಿಡೀತೀನಿ. ಕಿಕೊ, ನನಗೂ ಹತ್ತು ಹಾಕು, ಇವರು ಹೊಡೆದದ್ದೇ, ಅದೇ. ಕಿಕೊ ಒಬ್ಬರ ಮುಖ ನೋಡಿ ಇನ್ನೊಬ್ಬರ ಮುಖ ನೋಡಿ, ಅಮ್ಮನೇ ಯಜಮಾನ್ರು ಅಂತ ಕಾಣುತ್ತೆ ಎಂದು ಅವಳನ್ನು ಮುಂದೆ ನಿಲ್ಲಿಸಿ, ತೋಟಾ ತುಂಬಿ, ಬಂದೂಕಿನ ಹಿಂತುದಿಯನ್ನು ಹೆಗಲಿಗೆ ಒತ್ತಿ ಕೊಟ್ಟ.

ಭಾರವಿದೆ, ಆದರೆ ತುಂಬಿದ ಸ್ಕ್ವಿಡ್ ಬುಟ್ಟಿಯಷ್ಟಿಲ್ಲ, ಇಷ್ಟಕ್ಕಾ ಇವರ ಜಂಬ, ಕೆನ್ನೆಗೆ ಕಬ್ಬಿಣ ತಣ್ಣಗೆ ತಾಗುತ್ತದೆ, ಎಣ್ಣೆ ವಾಸನೆ, ಮಿನ್‌ಗು ಅಂಗಿಯಿಂದಲೂ ಎಣ್ಣೆ ವಾಸನೆ ಬರುತ್ತಿತ್ತು, ದೋಣಿ ಎಣ್ಣೆ, ದೂರದಲ್ಲಿ ಕಾಗದದ ವೃತ್ತಗಳು, ಢಂ, ಹೆಗಲಿಗೆ ಯಾರೋ ಗುದ್ದಿದರು, ಇನ್ನೊಮ್ಮೆ ಗುದ್ದಿ ನೋಡಲಿ, ಢಂ, ಮಿನ್‌ಗು ಹೀಗೆ ಮಲಗಿದ್ದನೇ, ಎಡಗಿವಿ ಬಂದೂಕಿನ ಬಾಯಿಯ ಕಡೆಗೆ, ಢಂ, ತಡ್ಕೊ ಮಗ ಅಂದೆನಲ್ಲ, ಏನನ್ನು ತಡ್ಕೋ ಅಂದೆ, ನನಗೇ ಗೊತ್ತಿಲ್ಲದ್ದನ್ನು ತಡ್ಕೋ ಅಂದೆ, ಢಂ, ಕಾಗದಕ್ಕೆ ಇವತ್ತು ಮುದ್ರೆ ಒತ್ತುತ್ತೇನೆ, ಇವರು ಒತ್ತಲಿ ಬಿಡಲಿ, ಹೋಟೆಲಿಗೆ ಹೋದ ಮೇಲಲ್ಲ, ಇಲ್ಲೇ ಹೊರಗಿನ ಮೇಜಿನ ಮೇಲೆ, ಬಂದೂಕು ಹಿಡಿದ ಕೈಯಿಂದಲೇ, ಢಂ ಢಂ ಢಂ ಢಂ ಢಂ, ಈಗ ಎಷ್ಟಾಯಿತು, ಒಂಬತ್ತು, ಒಂದು ಉಳಿದಿದೆ. ಒಂದು ಸಾಕು. ಅವಳ ಎಡಗೈ ಮೇಲೆ ಹೋಯಿತು, ಎಡಗಿವಿಯ ಮುಚ್ಚಳವನ್ನು ಹಿಂದಕ್ಕೆ ಜಾರಿಸಿತು, ಕಿಕೊನ ಕೆಂಪು ಬಾಯಿ ದೊಡ್ಡದಾಗಿ ತೆರೆಯಿತು, ಅಮ್ಮಾ—ಅವನ ಕೈ ಬರುವಷ್ಟರಲ್ಲಿ ಅವಳ ಬೆರಳು ಒತ್ತಿತ್ತು.

ಸದ್ದಲ್ಲ ಅದು. ತಲೆಯ ಎಡಗಡೆಗೆ ಬಾಗಿಲು ಬಡಿದುಬಿಟ್ಟಿತು. ಆಮೇಲೆ ಏನೂ ಇಲ್ಲ, ಆಮೇಲೆ ಶಿಳ್ಳೆ, ಕೆಟಲ್ಲು ಕುದಿಯುವ ಶಿಳ್ಳೆ, ಅವನು ಹೇಳಿದ ಹಾಗೆಯೇ, ಒಂದು ಪದವೂ ಹೆಚ್ಚು ಹೇಳಿರಲಿಲ್ಲ ನನ್ನ ಕಂದ, ಕಿಕೊ ಬಂದೂಕು ಕಿತ್ತುಕೊಂಡು ಕಟ್ಟೆಯ ಮೇಲಿಟ್ಟ, ಅವಳನ್ನು ತೋಳು ಹಿಡಿದು ಗಾಜಿನ ಬಾಗಿಲಿನಾಚೆಗೆ ಕರೆತಂದು ಬಲಗಿವಿಯ ಮುಚ್ಚಳವನ್ನೂ ತೆಗೆದ, ಬೈಯುತ್ತಿದ್ದಾನೆ, ಬೈಯಲಿ, ತಪ್ಪು ಮಾಡಿದ್ದೇನೆ, ಗೊತ್ತಿದ್ದೇ ಮಾಡಿದ್ದೇನೆ, ನಾಳೆಗೆ ಈ ಶಿಳ್ಳೆ ಹೋಗಬಹುದು ನನ್ನದು, ಹೋಗಬಹುದು, ಅವನದು ಹನ್ನೊಂದು ವರ್ಷ, ಹಗಲು, ರಾತ್ರಿ, ಊಟ ಮಾಡುವಾಗ—ಮಿನ್‌ಗು ಅಮ್ಮ. ಯಾರೋ ಕರೆದರು. ಗಂಡನ ದನಿ. ಅವಳು ಬಲಕ್ಕೆ ತಿರುಗಿದಳು, ಗೋಡೆ, ತೂಗುಹಾಕಿದ ಬಂದೂಕಿನ ಚಿತ್ರಗಳು. ಮಿನ್‌ಗು ಅಮ್ಮ, ಇಲ್ಲಿ, ಇಲ್ಲಿದೀನಿ ನೋಡು. ಇನ್ನೂ ಬಲಕ್ಕೆ ತಿರುಗಿದಳು, ರಸ್ತೆಯ ಕಡೆಯ ಗಾಜು, ಬಿಸಿಲು, ರಸ್ತೆಯಾಚೆ ನೀಲಿ ನೀರು, ಅಲ್ಲಿ ಯಾರೂ ಇರಲಿಲ್ಲ. ಎಡಗಡೆಯಿಂದ ಒಂದು ಕೈ ಬಂದು ಹೆಗಲು ಮುಟ್ಟಿತು, ಪಕ್ಕದಲ್ಲೇ ನಿಂತಿದ್ದಾನೆ ಮುದುಕ, ಮೊಳ ದೂರದಲ್ಲಿ, ಬೈಯುತ್ತಿಲ್ಲ, ಬಾಯಿ ತೆರೆದೇ ಇದೆ, ಕಣ್ಣು ಅವಳ ಮುಖದಿಂದ ನೀರಿಗೆ, ನೀರಿನಿಂದ ಅವಳ ಮುಖಕ್ಕೆ ಹೋಗುತ್ತಿದೆ, ಅವಳು ಯಾವ ಕಡೆ ತಿರುಗಿದಳೆಂದು ಅವನು ನೋಡಿದ, ಎರಡು ಸಲವೂ ನೋಡಿದ, ಅವನ ಮುಷ್ಟಿಯಲ್ಲಿ ಹತ್ತು ತೋಟಾ ಒಂದಕ್ಕೊಂದು ಉಜ್ಜಿ ಸದ್ದು ಮಾಡುತ್ತಿರಬೇಕು, ಅವಳಿಗೆ ಕೇಳಿಸುವುದಿಲ್ಲ, ಶಿಳ್ಳೆಯೊಂದೇ, ಬಂದರುಕಟ್ಟೆಯ ತುದಿಯಲ್ಲಿ ಹುಡುಗ ನಿಂತಿದ್ದಾನೆ, ಅಮ್ಮ ಕೂಗುತ್ತಾಳೆ, ಹುಡುಗ ತಿರುಗುತ್ತಾನೆ, ಬೆನ್ನು ಇವಳಿಗೆ, ಮುಖ ನೀರಿಗೆ, ಅಮ್ಮ ಕೂಗುತ್ತಾಳೆ, ಹುಡುಗ ತಿರುಗುತ್ತಾನೆ, ನೀರಿನ ಕಡೆಗೆ.