ಅಕ್ಷರವಿಲ್ಲದ ಪಟ್ಟಿ

ನಮ್ಮ ಕಟಿಂಗ್ ಕೋಣೆಯ ಕಂಪ್ಯೂಟರು ಗುರುವಾರ ಬೆಳಿಗ್ಗೆ ಮೊಂಡು ಹಿಡಿಯಿತು. ಸ್ವಿಚ್ಚು ಒತ್ತಿದರೆ ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಅಂಗಿಯ ಕಾಲರು, ತೋಳು, ಜೇಬಿನ ಅಳತೆಯೆಲ್ಲ ಅದರ ಹೊಟ್ಟೆಯಲ್ಲಿ. ಅದು ಹೇಳದೆ ಬಟ್ಟೆ ಕತ್ತರಿಸುವ ಯಂತ್ರ ಕದಲುವುದಿಲ್ಲ.

ಅದನ್ನು ನಡೆಸುತ್ತಿದ್ದವಳು ನನ್ನ ಸೊಸೆ. ಸೋಮವಾರ ಅವಳು ಬೇರೆ ಕಡೆ ಹೊಸ ಕೆಲಸಕ್ಕೆ ಹಾಜರಾಗಬೇಕು. ಅಲ್ಲಿ ತೋರಿಸಬೇಕಾದ ಅವಳ ಅಸಲು ಅಂಕಪಟ್ಟಿಗಳೋ, ಇಲ್ಲಿ ಸೇರುವಾಗ ಒತ್ತೆಯಿಟ್ಟವು, ಕಟಿಂಗ್ ಮಾಸ್ಟರ ಬೀರುವಿನಲ್ಲಿವೆ.

"ಓಡೋ ಮಷೀನು ಒಪ್ಸು, ಕಾಗದ ತಗೊಂಡ್ಹೋಗು," ಅಂದರು ಮಾಸ್ಟರು. "ಹೋಗೋ ವಾರವೇ ಕೆಟ್ಟಿತಾ? ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತ ನಾನು ನಂಬಬೇಕಾ?"

"ನಾನ್ಯಾಕೆ ಕೆಡಿಸ್ಲಿ ಸಾರ್? ನನ್ನ ಕಾಲಿಗೆ ನಾನೇ ಕೊಡಲಿ ಹಾಕ್ಕೊಳ್ಲಾ?"

ನಾನು ಮೂಲೆಯಲ್ಲಿ ಗುಂಡಿ ಹೊಲಿಯುತ್ತ ಕೇಳಿಸಿಕೊಳ್ಳುತ್ತಿದ್ದೆ.

ಮಧ್ಯಾಹ್ನ ರಿಪೇರಿಯವರು ಬಂದು ಪೆಟ್ಟಿಗೆ ಬಿಚ್ಚಿದರು. ಮೆಮೊರಿ ಪಟ್ಟಿಯನ್ನು ತೆಗೆದು, ತಮ್ಮ ಚೀಲದಿಂದ ಒಂದೊಂದೇ ಬೇರೆ ಪಟ್ಟಿ ಇಟ್ಟು ನೋಡಿದರು. ಉದ್ದ ಹೆಚ್ಚುಕಮ್ಮಿ ಒಂದೇ, ಅಂಚಿನ ಕಚ್ಚು ಮಾತ್ರ ಒಂದೊಂದಕ್ಕೆ ಒಂದೊಂದು ಕಡೆ. ಯಾವುದೂ ಕೂರಲಿಲ್ಲ.

"ಆ ಕಾಲದಲ್ಲಿ ಮೆಮೊರಿ ಮಾಡೋರಲ್ಲಿ ಎರಡು ಪಂಗಡ ಇತ್ತು ಮಾಸ್ಟ್ರೇ. ಇವರದ್ದು ಅವರಿಗಾಗಲ್ಲ, ಅವರದ್ದು ಇವರಿಗಾಗಲ್ಲ. ನಿಮ್ಮದು ಸೋತ ಪಂಗಡದ್ದು. ಈಗ ಯಾರೂ ಮಾಡಲ್ಲ."

"ಹಾಳಾಗ್ಲಿ, ಹೊಸ ಕಂಪ್ಯೂಟರೇ ತರೋಣ."

"ತನ್ನಿ. ನಿಮ್ಮ ಕಟಿಂಗ್ ಯಂತ್ರದ ವೈರು ಚುಚ್ಚೋಕೆ ಅದರಲ್ಲಿ ಜಾಗವೇ ಇರಲ್ಲ."

"ಅತ್ತ ದರಿ, ಇತ್ತ ಪುಲಿ," ಎಂದು ಮಾಸ್ಟರು ತಲೆ ಕೆರೆದುಕೊಂಡರು.

ರಿಪೇರಿಯವರು ಮತ್ತೆ ಬಗ್ಗಿ ನೋಡಿದರು. "ಅಲ್ಲಾ, ಪಟ್ಟಿ ಕೂರೋ ಎರಡನೇ ಮನೆ ಯಾಕೆ ಖಾಲಿ ಇದೆ? ಇಲ್ಲೊಂದು ಬೋಳು ಪಟ್ಟಿ ಇರ್ಬೇಕಿತ್ತಲ್ಲ?"

ನನ್ನ ಸೂಜಿ ನಿಂತಿತು.

ಬುಧವಾರ ಸಂಜೆ ಸೊಸೆ, "ಒಪ್ಪಿಸೋದನ್ನ ಚೊಕ್ಕವಾಗಿ ಒಪ್ಪಿಸೋಣ ಅತ್ತೆ, ಸ್ವಲ್ಪ ಧೂಳು ಹೊಡೀರಿ," ಎಂದು ಪೆಟ್ಟಿಗೆ ಬಿಚ್ಚಿಕೊಟ್ಟು ಕೈ ತೊಳೆಯಲು ಹೋಗಿದ್ದಳು. ನಾನು ಎರಡೂ ಪಟ್ಟಿ ಕಿತ್ತು ಒರೆಸಿದೆ. ಒಂದರ ಮೇಲೆ ಕಪ್ಪು ಚಿಪ್ಪುಗಳು, ಚೀಟಿ, ಅಕ್ಷರ. ಇನ್ನೊಂದು ಬರೀ ಹಸಿರು ಹಲಗೆ, ಒಂದು ಅಕ್ಷರವೂ ಇಲ್ಲ. ತಡವಾಗಿ ಓದು ಕಲಿತವಳಿಗೆ ಅಕ್ಷರದ ಮೇಲೆ ಅತಿಯಾದ ನಂಬಿಕೆ. ಬರೆದದ್ದನ್ನು ಮರಳಿ ಕೂರಿಸಿದೆ, ಬರೆಯದ್ದನ್ನು ಚಿಂದಿ ಮೂಟೆಗೆ ಹಾಕಿದೆ. ಮೂಟೆ ಗುರುವಾರ ಬೆಳಿಗ್ಗೆಯೇ ಲಾರಿ ಹತ್ತಿತ್ತು.

"ಅದ್ರಲ್ಲಿ ಏನೂ ಇರ್ಲಿಲ್ಲಪ್ಪಾ," ಅಂದೆ. "ನಾನೇ ಎಸೆದೆ."

"ಏನೂ ಇರಲ್ಲಮ್ಮಾ. ಆದ್ರೂ ಅದು ಇರ್ಲೇಬೇಕು. ಕರೆಂಟು ಅದನ್ನ ದಾಟಿದ್ರೇನೇ ಈ ಜಾತಿ ಮೆಮೊರಿಗೆ ದಾರಿ ಪೂರ್ತಿಯಾಗೋದು." ಅವರಿಗೆ ನಗು ತಡೆಯಲಾಗಲಿಲ್ಲ. "ಹಳೇ ಮಷೀನು ಬಿಚ್ಚೋರನ್ನ ಕೇಳ್ತೀನಿ. ವಾರವೋ, ತಿಂಗಳೋ."

"ಹಾಗಾದ್ರೆ ಕಾಗದಾನೂ ಅವಾಗ್ಲೇ," ಅಂದರು ಮಾಸ್ಟರು.

ಸೊಸೆ ನನ್ನ ಕಡೆ ನೋಡಿದಳು. ಬೈದಿದ್ದರೆ ಹಗುರವಾಗುತ್ತಿತ್ತು.

"ಕೆಡಿಸಿದ್ದು ನಾನು, ಕಟ್ಟಿಹಾಕೋದು ಅವಳನ್ನಾ?" ಅಂದೆ. "ಈ ಮಷೀನು ಬರೋ ಮುಂಚೆ ಕಾಲರು ಕತ್ತರಿಸ್ತಿದ್ದೋರು ಯಾರು? ಸೀಮೆಸುಣ್ಣ ಕೊಡಿ. ಅದು ಏಳೋವರ್ಗೂ ಕೈಯಲ್ಲೇ ಕತ್ತರಿಸ್ತೀನಿ."

"ಕಣ್ಣು ಮಂಜು, ಈ ತಿಂಗಳಿಗೆ ಕೆಲಸ ಸಾಕು ಅಂದಿದ್ರಲ್ಲ?" ಅಂದರು ಮಾಸ್ಟರು.

"ಅಂದಿದ್ದೆ."

"ಬರ್ಕೊಡಿ."

ಬರೆದುಕೊಟ್ಟೆ: ಯಂತ್ರ ಸರಿಯಾಗುವವರೆಗೆ ಕೆಲಸ ಬಿಡುವುದಿಲ್ಲ. ಮಾಸ್ಟರು ಅದನ್ನು ಬೀರುವಿನಲ್ಲಿಟ್ಟು ಅವಳ ಅಂಕಪಟ್ಟಿಗಳನ್ನು ಹೊರತೆಗೆದರು. "ಬೇಡ ಅತ್ತೆ," ಅಂದಳು ಸೊಸೆ. ಆದರೂ ಕೈ ಚಾಚಿದಳು. ಚಾಚಲಿ ಎಂದೇ ನಾನು ಬರೆದದ್ದು.

ಇದು ಐದನೆಯ ತಿಂಗಳು. ಮೊನ್ನೆ ರಿಪೇರಿಯವರು ಒಂದು ಬೋಳು ಪಟ್ಟಿ ತಂದರು. ನಾನು ಕತ್ತರಿ ಕೆಳಗಿಟ್ಟು ಎದ್ದು ನಿಂತೆ. ಅಂಚಿನ ಕಚ್ಚು ಅರ್ಧ ಬೆರಳು ಆಚೆಗಿತ್ತು, ಕೂರಲಿಲ್ಲ.

"ಅದೇ ಜಾತಿ ಅಮ್ಮಾ, ಮನೆತನ ಬೇರೆ," ಅಂದರು.

ಮಾಸ್ಟರು ನನ್ನ ಮೇಜಿಗೆ ಬಟ್ಟೆಯ ಇನ್ನೊಂದು ಥಾನು ಇಳಿಸಿದರು.